ಲಕ್ಷದ್ವೀಪವೋ ಅಂಡಮಾನೋ: ಮಂಗಳೂರಿನಿಂದ ಕೆಲಸಕ್ಕೆ ಹೊರಡುವವರಿಗೆ

ಕಳೆದ ಎರಡು ತಿಂಗಳಲ್ಲಿ ಮೂರು ಕಡೆಯಿಂದ ಒಂದೇ ಪ್ರಶ್ನೆ ಬಂತು. ಬಂಟ್ವಾಳದ ಒಬ್ಬರು ನರ್ಸ್, ಎರಡೂ ಕಡೆ ಗುತ್ತಿಗೆ ಕೆಲಸಕ್ಕೆ ಅರ್ಜಿ ಹಾಕಿ ಕೂತಿದ್ದಾರೆ. ಕುಂದಾಪುರದ ಗಂಡ ಹೆಂಡತಿ, ಇಬ್ಬರೂ ಟೀಚರ್, ಎರಡು ಸಣ್ಣ ಮಕ್ಕಳು. ಮಣಿಪಾಲದಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿದ ಒಬ್ಬ ಹುಡುಗ, ಅವನಿಗೆ ಡೈವಿಂಗ್ ಹುಚ್ಚು ಬೇರೆ. ಎಲ್ಲರೂ ಕೇಳಿದ್ದು ಇಷ್ಟೇ: ಲಕ್ಷದ್ವೀಪಕ್ಕೆ ಹೋಗುವುದಾ, ಅಂಡಮಾನಿಗೆ ಹೋಗುವುದಾ?

ನನ್ನನ್ನೇ ಕೇಳಲು ಕಾರಣ ಉಂಟು. ನಾನು ಮಂಗಳೂರಿನ ಹಳೇ ಬಂದರಿನಲ್ಲಿ, ದ್ವೀಪಕ್ಕೆ ಸಾಮಾನು ಕಳುಹಿಸುವ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವನು. ಆಮೇಲೆ ಕಟ್ಟಡದ ಗುತ್ತಿಗೆದಾರರ ಜೊತೆ ಲಕ್ಷದ್ವೀಪದ ರಾಜಧಾನಿ ಕವರತ್ತಿಯಲ್ಲಿ ಹದಿನಾಲ್ಕು ತಿಂಗಳು ಇದ್ದೆ. ಅಲ್ಲಿಂದ ಬಂದ ಮೇಲೆ ಅಂಡಮಾನಿನ ರಾಜಧಾನಿ ಪೋರ್ಟ್‌ಬ್ಲೇರ್‌ನಲ್ಲಿ ಎರಡು ವರ್ಷ. (2024ರ ಸೆಪ್ಟೆಂಬರ್‌ನಿಂದ ಅದರ ಹೆಸರು ಶ್ರೀ ವಿಜಯ ಪುರಂ. ಬಾಯಿಗೆ ರೂಢಿಯಾದದ್ದು ಬಿಡುವುದಿಲ್ಲ, ಹಾಗಾಗಿ ಇಲ್ಲಿ ಪೋರ್ಟ್‌ಬ್ಲೇರ್ ಎಂದೇ ಬರೆಯುತ್ತೇನೆ.)

ಸಮುದ್ರ ಎರಡು ಕಡೆಯೂ ನೀಲಿಯೇ. ಮರಳು ಎರಡು ಕಡೆಯೂ ಬಿಳಿಯೇ. ಫೋಟೋ ನೋಡಿ ತೀರ್ಮಾನ ಮಾಡುವುದಾದರೆ ನಾಣ್ಯ ಚಿಮ್ಮಿದರೆ ಸಾಕು. ಆದರೆ ಅಲ್ಲಿ ಎರಡು ಮೂರು ವರ್ಷ ಬಾಳುವೆ ಮಾಡಬೇಕು, ಅಲ್ವಾ? ಅದಕ್ಕೆ ಬೇರೆ ಅಳತೆಗೋಲು ಬೇಕು.

ನನ್ನ ಮೊದಲನೇ ಅಳತೆ ಹೀಗೆ: ಮನೆಯಿಂದ ಫೋನ್ ಬಂತು, "ಅಪ್ಪನಿಗೆ ಹುಷಾರಿಲ್ಲ, ಕೂಡಲೇ ಬಾ." ಆಗ ಎಷ್ಟು ಹೊತ್ತಿಗೆ ಮನೆ ಬಾಗಿಲಿಗೆ ಮುಟ್ಟುತ್ತೀರಿ? ಎರಡನೆಯದು ಅದರ ತಿರುಗುಮುರುಗು: ಹುಷಾರಿಲ್ಲದ್ದು ನಿಮಗೇ ಆದರೆ? ಆಮೇಲೆ ನೀರು, ಕರೆಂಟು, ನೆಟ್ಟು. ಆಮೇಲೆ ಮನೆ ಮತ್ತು ಖರ್ಚು. ಕೊನೆಗೆ ಭಾಷೆ, ಮಕ್ಕಳ ಶಾಲೆ, ಸಂಜೆ ಹೊತ್ತು ಕಳೆಯುವ ಬಗೆ. ಇದರಲ್ಲಿ ಮೊದಲನೆಯದಕ್ಕೇ ನಾನು ಒಟ್ಟು ಮಾರ್ಕಿನ ಅರ್ಧ ಇಡುತ್ತೇನೆ. ಯಾಕೆ ಅಂತ ಕೆಳಗೆ ಹೇಳುತ್ತೇನೆ.

ಮೊದಲು ಗಾತ್ರ

ಇದನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಲಕ್ಷದ್ವೀಪದ ಒಟ್ಟು ನೆಲ 32 ಚದರ ಕಿ.ಮೀ. ಮಂಗಳೂರು ನಗರ ಅದರ ನಾಲ್ಕು ಪಾಲಿಗಿಂತ ದೊಡ್ಡದು. ಜನ ಇರುವ ದ್ವೀಪಗಳು ಹತ್ತು. 2011ರ ಜನಗಣತಿಯಲ್ಲಿ ಸುಮಾರು 64 ಸಾವಿರ ಜನ. ಒಂದು ಚದರ ಕಿ.ಮೀ.ಗೆ ಎರಡು ಸಾವಿರಕ್ಕಿಂತ ಜಾಸ್ತಿ ಜನ ಅಂದ ಹಾಗಾಯಿತು. ಖಾಲಿ ದ್ವೀಪ, ಒಂಟಿ ತೆಂಗಿನಮರ ಎಂದುಕೊಂಡು ಹೋದವರಿಗೆ ಕವರತ್ತಿಯ ಓಣಿಗಳು ಬಂದರಿನ ಓಣಿಗಳಂತೆ ಕಾಣುತ್ತವೆ. ಮನೆಗೆ ಮನೆ ತಾಗಿಕೊಂಡು, ನಡುವೆ ಹವಳದ ಕಲ್ಲಿನ ಗೋಡೆ.

ಅಂಡಮಾನ್ ನಿಕೋಬಾರ್ 8,249 ಚದರ ಕಿ.ಮೀ. ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆ ಸೇರಿಸಿದರೆ ಹೆಚ್ಚುಕಡಿಮೆ ಅಷ್ಟೇ. ಜನ 3.8 ಲಕ್ಷ, ಅದೂ 2011ರ ಲೆಕ್ಕ. ಬಹುಪಾಲು ನೆಲ ಕಾಡು. ಉತ್ತರದಲ್ಲಿ 700 ಮೀಟರ್ ದಾಟಿದ ಸ್ಯಾಡಲ್ ಪೀಕ್ ಬೆಟ್ಟ ಉಂಟು. ಪೋರ್ಟ್‌ಬ್ಲೇರ್‌ನಿಂದ ದಿಗ್ಲಿಪುರಕ್ಕೆ ರಸ್ತೆಯಲ್ಲಿ ಹೋದರೆ 300 ಕಿ.ಮೀ.ಗೂ ಮೇಲೆ, ಬೆಳಿಗ್ಗೆ ಹತ್ತಿದ ಬಸ್ಸು ಇಳಿಸುವುದು ಸಂಜೆಗೆ. ಲಕ್ಷದ್ವೀಪದಲ್ಲಿ ಬೈಕಿಗೆ ಮೂರನೇ ಗೇರ್ ಹಾಕುವಷ್ಟರಲ್ಲಿ ದ್ವೀಪ ಮುಗಿಯುತ್ತದೆ. ಕವರತ್ತಿಯ ಉದ್ದ ಆರು ಕಿ.ಮೀ. ಕೂಡ ಇಲ್ಲ.

ಹಾಗಾಗಿ "ದ್ವೀಪದಲ್ಲಿ ಉಸಿರು ಕಟ್ಟುತ್ತದಂತೆ ಹೌದಾ?" ಎಂದು ಕೇಳುವವರಿಗೆ ನನ್ನ ಉತ್ತರ: ಅಂಡಮಾನಿನಲ್ಲಿ ದ್ವೀಪದಲ್ಲಿ ಇದ್ದೇವೆ ಎನ್ನುವುದೇ ಮರೆತುಹೋಗುತ್ತದೆ. ಲಕ್ಷದ್ವೀಪದಲ್ಲಿ ಒಂದು ದಿನವೂ ಮರೆಯುವುದಿಲ್ಲ.

ಹತ್ತಿರ ಇರುವುದು ದೂರ, ದೂರ ಇರುವುದು ಹತ್ತಿರ

ಮ್ಯಾಪಿನಲ್ಲಿ ಅಳೆದರೆ ಮಂಗಳೂರಿನಿಂದ ಕವರತ್ತಿ ಸುಮಾರು 350 ಕಿ.ಮೀ. ಹೆಚ್ಚುಕಡಿಮೆ ರಸ್ತೆಯಲ್ಲಿ ಬೆಂಗಳೂರಿಗೆ ಇರುವಷ್ಟೇ. ಕಿಲ್ತಾನ್, ಚೆತ್ಲಾತ್ ಇನ್ನೂ ಹತ್ತಿರ. ಪೋರ್ಟ್‌ಬ್ಲೇರ್ ಸುಮಾರು 1,950 ಕಿ.ಮೀ. ಇದನ್ನು ನೋಡಿ "ಲಕ್ಷದ್ವೀಪವೇ ವಾಸಿ, ಮನೆಗೆ ಹತ್ತಿರ" ಎಂದು ನರ್ಸ್ ಹೇಳಿದರು. ನಾನೂ ಹಾಗೆಯೇ ಅಂದುಕೊಂಡು ಹೋದವನು.

ಕವರತ್ತಿಯಲ್ಲಿ ಇದ್ದಾಗ ಒಂದು ಜುಲೈನಲ್ಲಿ ಅಪ್ಪನಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದ್ದರು. ಫೋನ್ ಬಂದದ್ದು ಸೋಮವಾರ ಬೆಳಿಗ್ಗೆ. ವಿಮಾನ ನಿಲ್ದಾಣ ಇರುವುದು ಅಗತ್ತಿಯಲ್ಲಿ ಮಾತ್ರ. ಕವರತ್ತಿಯಿಂದ ಅಲ್ಲಿಗೆ ಐವತ್ತು ಚಿಲ್ಲರೆ ಕಿ.ಮೀ. ಸಮುದ್ರ. ಆ ದಿನ ಗಾಳಿ, ದೋಣಿ ಬಿಡಲಿಲ್ಲ. ಮಂಗಳವಾರವೂ ಇಲ್ಲ. ಕೊಚ್ಚಿಗೆ ಹೋಗುವ ಹಡಗಿನಲ್ಲಿ ಬುಧವಾರಕ್ಕೆ ಒಂದು ಬಂಕ್ (ಮಲಗುವ ಸೀಟು) ಸಿಕ್ಕಿತು, ಅದೂ ಯಾರೋ ಪುಣ್ಯಾತ್ಮರು ಬಿಟ್ಟುಕೊಟ್ಟದ್ದು. ಕೊಚ್ಚಿ ಮುಟ್ಟಿ, ರೈಲು ಹಿಡಿದು, ಕಂಕನಾಡಿಯಲ್ಲಿ ಇಳಿಯುವಾಗ ಶುಕ್ರವಾರ ಬೆಳಗ್ಗಿನ ಜಾವ. ಅಪ್ಪ ಹಾಸಿಗೆ ಮೇಲೆ ಕೂತು ಗಂಜಿ ಕುಡಿಯುತ್ತಿದ್ದರು. "ಈಗ ಬಂದ್ಯಾ?" ಎಂದರು. ಅಷ್ಟೇ.

ಪೋರ್ಟ್‌ಬ್ಲೇರ್‌ನಲ್ಲಿ ಇದ್ದಾಗ ಅಂಥದ್ದೇ ಇನ್ನೊಂದು ಫೋನ್ ಬಂತು. ಬೆಳಿಗ್ಗೆ ಎಂಟು ಗಂಟೆಗೆ. ಮಧ್ಯಾಹ್ನದ ವಿಮಾನ, ಸಂಜೆ ಬೆಂಗಳೂರು, ರಾತ್ರಿ ಬಸ್ಸು. ಮರುದಿನ ಬೆಳಿಗ್ಗೆ ಪಂಪ್‌ವೆಲ್‌ನಲ್ಲಿ ಇಳಿದು ಚಾ ಕುಡಿದೆ. ಟಿಕೆಟ್ಟಿಗೆ ಕೊಟ್ಟ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಆದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಮನೆಯಲ್ಲಿದ್ದೆ.

ಇದೇ ಇಡೀ ಹೋಲಿಕೆಯ ತಿರುಳು. ಪೋರ್ಟ್‌ಬ್ಲೇರ್‌ಗೆ ಚೆನ್ನೈ, ಬೆಂಗಳೂರು, ಕೋಲ್ಕತ್ತಾ ಕಡೆಯಿಂದ ದೊಡ್ಡ ವಿಮಾನಗಳು ಬರುತ್ತವೆ. 2023ರ ಜುಲೈನಲ್ಲಿ ಹೊಸ ಟರ್ಮಿನಲ್ಲೂ ಆಯಿತು. ಅಗತ್ತಿಯ ರನ್‌ವೇ ಮೋಟು, ಸುಮಾರು 1,200 ಮೀಟರ್, ಎರಡು ಕಡೆಯೂ ನೀರು. ಅಲ್ಲಿ ಇಳಿಯುವುದು ಸಣ್ಣ ಎಟಿಆರ್ ವಿಮಾನ ಮಾತ್ರ, ಸೀಟು ಕಡಿಮೆ. ಉಳಿದವರಿಗೆಲ್ಲ ಕೊಚ್ಚಿಯಿಂದ ಹಡಗೇ ಗತಿ. ಯಾವ ದ್ವೀಪ ಅನ್ನುವುದರ ಮೇಲೆ ಹದಿನಾಲ್ಕರಿಂದ ಇಪ್ಪತ್ತು ಗಂಟೆ.

ಹಡಗು ಅಂದರೆ ದಡಕ್ಕೆ ಬಂದು ನಿಲ್ಲುತ್ತದೆ ಎಂದುಕೊಳ್ಳಬೇಡಿ. ಎಷ್ಟೋ ದ್ವೀಪಗಳಲ್ಲಿ ಅದು ಲಗೂನಿನ (ಹವಳದ ದಿಬ್ಬದ ಒಳಗಿನ ಆಳವಿಲ್ಲದ ನೀರು) ಹೊರಗೆ, ಆಳದಲ್ಲಿ ನಿಲ್ಲುತ್ತದೆ. ಹಡಗಿನ ಹೊಟ್ಟೆಯಲ್ಲಿ ಒಂದು ಬಾಗಿಲು ತೆರೆಯುತ್ತಾರೆ. ಕೆಳಗೆ ಸಣ್ಣ ದೋಣಿ, ಅಲೆಗೆ ಒಮ್ಮೆ ಸೊಂಟದ ಮಟ್ಟಕ್ಕೆ ಏರುತ್ತದೆ, ಒಮ್ಮೆ ಆಳೆತ್ತರ ಇಳಿಯುತ್ತದೆ. ದೋಣಿ ಏರಿ ಬಂದ ಆ ಒಂದು ಗಳಿಗೆಯಲ್ಲಿ ಎರಡು ಕಡೆಯಿಂದ ಇಬ್ಬರು ರಟ್ಟೆ ಹಿಡಿದು "ಚಾಡಿಕ್ಕೋ" ಅನ್ನುತ್ತಾರೆ, ಹಾರು ಅಂತ. ಎಪ್ಪತ್ತು ದಾಟಿದ ಅಜ್ಜಿಯಂದಿರು ಸೆರಗು ಕಚ್ಚಿಕೊಂಡು ಸಲೀಸಾಗಿ ಹಾರುತ್ತಾರೆ. ನಾನು ಮೊದಲ ಸಲ ಮೂರು ಅಲೆ ಬಿಟ್ಟುಕೊಟ್ಟೆ, ಹಿಂದೆ ಇದ್ದವರು ಗೊಣಗಿದರು. ಮೊಣಕಾಲು ನೋವಿನ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ಯೋಚನೆ ಇದ್ದರೆ ಈ ಹಾರುವಿಕೆಯನ್ನು ಮೊದಲು ಲೆಕ್ಕಕ್ಕೆ ಹಿಡಿಯಿರಿ. ಕವರತ್ತಿಯಲ್ಲಿ ಸಮುದ್ರ ಶಾಂತವಾಗಿದ್ದರೆ ಹಡಗು ಜೆಟ್ಟಿಗೇ ಬರುತ್ತದೆ, ಅದೊಂದು ಸಮಾಧಾನ.

ಹಾಗಾದರೆ ಮಂಗಳೂರಿನಿಂದಲೇ ಹಡಗು ಇಲ್ಲವಾ ಎಂದು ಎಲ್ಲರೂ ಕೇಳುತ್ತಾರೆ. ಹಿಂದೆ ಪ್ರಯಾಣಿಕರ ಹಡಗು ಬಂದು ಹೋಗುತ್ತಿತ್ತು. ನಿಂತಿತು. 2024ರ ಮೇ ತಿಂಗಳಲ್ಲಿ 'ಪರಳಿ' ಎನ್ನುವ ವೇಗದ ಹಡಗು ಸುಮಾರು ಏಳು ಗಂಟೆಯಲ್ಲಿ ಹಳೇ ಬಂದರಿಗೆ ಬಂದಾಗ ಬಂದರಿನಲ್ಲಿ ಜಾತ್ರೆಯ ಸಂಭ್ರಮ. ಆದರೆ ಒಂದು ಹಡಗು ಬಂತು ಎಂದು ಅದನ್ನು ನಂಬಿ ಕೆಲಸ ಒಪ್ಪಿಕೊಳ್ಳಬೇಡಿ. ನೀವು ಹೊರಡುವ ತಿಂಗಳಲ್ಲಿ ಅದು ಓಡುತ್ತಿದ್ದರೆ ಲಾಭ ಅಂದುಕೊಳ್ಳಿ.

ಅಂಡಮಾನಿಗೂ ಹಡಗು ಉಂಟು, ಚೆನ್ನೈ, ಕೋಲ್ಕತ್ತಾ, ವಿಶಾಖಪಟ್ಟಣದಿಂದ. ಬಂಕ್ ದರ ಅಗ್ಗ, ಆದರೆ ಹತ್ತಿರ ಹತ್ತಿರ ಮೂರು ದಿನ. ಸಾಮಾನು ಸಾಗಿಸಲು ಒಮ್ಮೆ ಸಾಕು. ಇನ್ನೊಂದು ಎಚ್ಚರಿಕೆ: ನಾನು ಹೇಳುತ್ತಿರುವುದು ಪೋರ್ಟ್‌ಬ್ಲೇರ್ ಮಾತು. ಗ್ರೇಟ್ ನಿಕೋಬಾರ್‌ನ ಕ್ಯಾಂಪ್‌ಬೆಲ್ ಬೇ ಅಲ್ಲಿಂದ ಇನ್ನೂ 500 ಕಿ.ಮೀ.ಗೂ ಆಚೆ. ದೊಡ್ಡ ಬಂದರು ಯೋಜನೆಯ ಹೆಸರು ಹೇಳಿ ಅಲ್ಲಿಗೆ ಎಂಜಿನಿಯರುಗಳನ್ನು ಕರೆಯುತ್ತಿದ್ದರೆ, ಈ ಬರಹದ ಲಕ್ಷದ್ವೀಪದ ಭಾಗವನ್ನು ಓದಿ, ಅದಕ್ಕಿಂತ ಕಷ್ಟ ಎಂದು ತಿಳಿದುಕೊಳ್ಳಿ.

ಕಾಗದಪತ್ರ

ಲಕ್ಷದ್ವೀಪಕ್ಕೆ ಹೋಗಲು ನಮಗೂ ಪರ್ಮಿಟ್ ಬೇಕು, ಭಾರತೀಯರಾದರೂ ಸೈ. 1967ರ ನಿಯಮ ಅದು. ಪೊಲೀಸ್ ಕ್ಲಿಯರೆನ್ಸ್ ತೆಗೆಸಿ, ಕರೆಸಿಕೊಳ್ಳುವವರ ಹೆಸರಿನಲ್ಲಿ ಅರ್ಜಿ ಹಾಕಬೇಕು. ಸರಕಾರಿ ಕೆಲಸವಾದರೆ ಇಲಾಖೆ ನೋಡಿಕೊಳ್ಳುತ್ತದೆ. ಖಾಸಗಿಯವರು ಕರೆದರೆ "ಪರ್ಮಿಟ್ ಯಾರ ಹೆಸರಲ್ಲಿ, ಎಷ್ಟು ದಿನಕ್ಕೆ?" ಎಂದು ಮೊದಲೇ ಬಾಯಿಬಿಟ್ಟು ಕೇಳಿ. ಅಲ್ಲಿನ ಜನರಲ್ಲಿ ನೂರಕ್ಕೆ ತೊಂಬತ್ತನಾಲ್ಕಕ್ಕಿಂತ ಜಾಸ್ತಿ ಪರಿಶಿಷ್ಟ ಪಂಗಡದವರು. ಜಾಗ ಕೊಂಡು ಮನೆ ಕಟ್ಟುವ ಕನಸು ನಮಗೆ ಅಲ್ಲಿ ಇಲ್ಲ. ಅದು ಸರಿಯೂ ಹೌದು, ಅಷ್ಟು ಚೂರು ನೆಲ ಹೊರಗಿನವರಿಗೆ ಮಾರಿದರೆ ಅಲ್ಲಿಯವರು ಎಲ್ಲಿಗೆ ಹೋಗಬೇಕು?

ಪೋರ್ಟ್‌ಬ್ಲೇರ್‌ಗೆ ಟಿಕೆಟ್ ತೆಗೆದು ಹೋದರೆ ಆಯಿತು. ನಿಕೋಬಾರ್ ಮತ್ತು ಬುಡಕಟ್ಟು ಜನರ ಮೀಸಲು ಪ್ರದೇಶಕ್ಕೆ ಮಾತ್ರ ಬೇರೆ ಪಾಸ್ ಬೇಕು.

ಆಸ್ಪತ್ರೆ

ಇಲ್ಲಿ ಹೆಚ್ಚು ಚರ್ಚೆ ಬೇಡ. ಪೋರ್ಟ್‌ಬ್ಲೇರ್‌ನಲ್ಲಿ ಜಿ.ಬಿ. ಪಂತ್ ಆಸ್ಪತ್ರೆ, ಅದಕ್ಕೆ ಸೇರಿಕೊಂಡು 2015ರಿಂದ ಮೆಡಿಕಲ್ ಕಾಲೇಜು. ಮಂಗಳೂರಿನಲ್ಲಿ ಬೀದಿಗೊಂದು ಆಸ್ಪತ್ರೆ ನೋಡಿ ಬೆಳೆದ ನಮಗೆ ಅದೂ ಕಡಿಮೆಯೇ ಅನಿಸುತ್ತದೆ, ಆದರೆ ಹೆಚ್ಚಿನ ಕಾಯಿಲೆಗೆ ಸಾಕು. ಲಕ್ಷದ್ವೀಪದಲ್ಲಿ ಕವರತ್ತಿ, ಅಗತ್ತಿ, ಮಿನಿಕಾಯ್‌ನಲ್ಲಿ ಆಸ್ಪತ್ರೆ ಉಂಟು. ಅಲ್ಲಿ ಆಗದ್ದಕ್ಕೆ ಹೆಲಿಕಾಪ್ಟರಿನಲ್ಲಿ ಕೊಚ್ಚಿ. ಗರ್ಭಿಣಿಯರು ದಿನ ತುಂಬುವ ಮೊದಲೇ ಬ್ಯಾಗ್ ಕಟ್ಟಿ ಈ ಕಡೆ ಬರುವುದು ಅಲ್ಲಿ ಮಾಮೂಲು. ನಮ್ಮ ಬಂದರಿನ ಲಾಡ್ಜುಗಳಲ್ಲಿ ಎಕ್ಸ್‌ರೇ ಕವರ್ ಹಿಡಿದು ಕೂತ ದ್ವೀಪದವರನ್ನು ನೀವೂ ನೋಡಿರಬಹುದು.

ನರ್ಸ್‌ಗೆ ನಾನು ಇದನ್ನೇ ಇನ್ನೊಂದು ಕಡೆಯಿಂದ ಹೇಳಿದೆ. ಕೆಲಸ ಕಲಿಯಬೇಕು ಅಂದರೆ ಪೋರ್ಟ್‌ಬ್ಲೇರ್, ಅಲ್ಲಿ ಬಗೆಬಗೆಯ ಕೇಸು, ಜೊತೆಗೆ ದೊಡ್ಡ ಡಾಕ್ಟರುಗಳು. ಸಣ್ಣ ದ್ವೀಪದಲ್ಲಿ ರಾತ್ರಿ ಪಾಳಿಯಲ್ಲಿ ಒಬ್ಬರೇ ಇದ್ದು, ಹೊರಗೆ ಮಳೆ, ಹೆಲಿಕಾಪ್ಟರ್ ಬರುವಂತಿಲ್ಲ ಎಂಬ ಹೊತ್ತಿಗೆ ಧೈರ್ಯ ಬೇಕು. ಅದು ಇರುವವರಿಗೆ ಅಲ್ಲಿ ಸಿಗುವ ಮರ್ಯಾದೆಯೇ ಬೇರೆ.

ನೀರು, ಕರೆಂಟು, ನೆಟ್ಟು

ತುಂಬೆ ಡ್ಯಾಮಿನ ಮಟ್ಟ ಎಷ್ಟು ಎಂದು ಏಪ್ರಿಲ್‌ನಲ್ಲಿ ಪೇಪರ್ ನೋಡುವ ಅಭ್ಯಾಸ ನಮಗೆಲ್ಲ ಉಂಟಲ್ಲ, ಪೋರ್ಟ್‌ಬ್ಲೇರ್‌ನಲ್ಲಿ ಅದೇ ಕತೆ, ಡ್ಯಾಮಿನ ಹೆಸರು ಮಾತ್ರ ಧನಿಕಾರಿ. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಬೀಳುವ ಊರಿನಲ್ಲಿ ಮಾರ್ಚ್ ಬಂದರೆ ನಲ್ಲಿ ನೀರು ದಿನ ಬಿಟ್ಟು ದಿನ. ಮನೆ ನೋಡಲು ಹೋದಾಗ ಸೊಗಸಾದ ಬಾಲ್ಕನಿ ನೋಡಬೇಡಿ, ಟ್ಯಾಂಕ್ ಎಷ್ಟು ದೊಡ್ಡದು ನೋಡಿ.

ಲಕ್ಷದ್ವೀಪದಲ್ಲಿ ನದಿ ಇಲ್ಲ, ತೋಡೂ ಇಲ್ಲ. ಹವಳದ ಮರಳಿನ ಕೆಳಗೆ ಉಪ್ಪುನೀರಿನ ಮೇಲೆ ತೇಲುವ ತೆಳ್ಳಗಿನ ಸಿಹಿನೀರಿನ ಪದರ, ಅದೇ ಬಾವಿ. ಜಾಸ್ತಿ ಎಳೆದರೆ ಉಪ್ಪಾಗುತ್ತದೆ. ಕುಡಿಯಲು ಸಮುದ್ರದ ನೀರನ್ನೇ ಸಿಹಿ ಮಾಡುತ್ತಾರೆ. ಕವರತ್ತಿಯಲ್ಲಿ 2005ರಿಂದ ಅಂಥ ಸ್ಥಾವರ ಇದೆ, ದಿನಕ್ಕೆ ಒಂದು ಲಕ್ಷ ಲೀಟರ್. ಮೇಲಿನ ಬೆಚ್ಚಗಿನ ನೀರನ್ನು ಗಾಳಿ ತೆಗೆದ ಪಾತ್ರೆಯಲ್ಲಿ ಆವಿ ಮಾಡಿ, ಆಳದಿಂದ ಎಳೆದ ತಣ್ಣನೆಯ ನೀರಿನಿಂದ ಅದನ್ನು ತಂಪು ಮಾಡುತ್ತಾರೆ. ಸೌದೆಯಿಲ್ಲದ ಬಟ್ಟಿ ಎಂದುಕೊಳ್ಳಿ. ಆ ನೀರಿಗೆ ರುಚಿಯೇ ಇಲ್ಲ, ಮೊದಲ ವಾರ ಚಾ ಸಪ್ಪೆ ಅನಿಸುತ್ತದೆ. ಆದರೆ ಕುಡಿಯುವ ನೀರಿನ ವಿಷಯದಲ್ಲಿ ನಾನು ಕವರತ್ತಿಯಲ್ಲಿ ಪೋರ್ಟ್‌ಬ್ಲೇರ್‌ಗಿಂತ ಕಡಿಮೆ ತಲೆ ಕೆಡಿಸಿಕೊಂಡಿದ್ದೇನೆ. ಸ್ನಾನದ ನೀರು ಬೇರೆ ವಿಷಯ. ಕೂದಲು ತೆಂಗಿನ ನಾರು ಆಗುತ್ತದೆ.

ಕರೆಂಟು ಎರಡು ಕಡೆಯೂ ಬಹುಪಾಲು ಡೀಸೆಲ್ ಜನರೇಟರಿನದ್ದು. ನೆಟ್ಟಿನ ಕತೆ ಈಗ ಬದಲಾಗಿದೆ. ಚೆನ್ನೈಯಿಂದ ಅಂಡಮಾನಿಗೆ ಸಮುದ್ರದಡಿಯ ಕೇಬಲ್ 2020ರ ಆಗಸ್ಟ್‌ನಲ್ಲಿ, ಕೊಚ್ಚಿಯಿಂದ ಲಕ್ಷದ್ವೀಪಕ್ಕೆ 2024ರ ಜನವರಿಯಲ್ಲಿ ಶುರುವಾಯಿತು. ಅದಕ್ಕೂ ಮೊದಲು ನಾನು ಕವರತ್ತಿಯಲ್ಲಿ ಒಂದು ಮೇಲ್ ಕಳುಹಿಸಲು ರಾತ್ರಿ ಎರಡಕ್ಕೆ ಅಲಾರಂ ಇಡುತ್ತಿದ್ದೆ. ಈಗ ಹೋಗುವವರು ಪುಣ್ಯವಂತರು.

ಮಂಜಿ ಮತ್ತು ನೀರುಳ್ಳಿ: ಖರ್ಚಿನ ಲೆಕ್ಕ

ಹಳೇ ಬಂದರಿನ ದಕ್ಕೆಯಲ್ಲಿ ಏಪ್ರಿಲ್ ಕೊನೆಯ ವಾರ ಒಮ್ಮೆ ಹೋಗಿ ನಿಲ್ಲಿ. ಮಂಜಿ ಎನ್ನುವ ಮರದ ಸರಕು ಹಡಗುಗಳ ಹೊಟ್ಟೆಗೆ ಹೊಯಿಗೆ, ಜಲ್ಲಿ, ಸಿಮೆಂಟು ಇಳಿಯುತ್ತದೆ. ಅದರ ಮೇಲೆ ಅಕ್ಕಿ, ಬಟಾಟೆ, ನೀರುಳ್ಳಿ ಮೂಟೆ. ತುದಿಯಲ್ಲಿ ಕಟ್ಟಿದ ಆಡುಗಳು ಸಿಮೆಂಟಿನ ಚೀಲ ಮೂಸುತ್ತಾ ನಿಂತಿರುತ್ತವೆ. ವಾಪಸು ಬರುವಾಗ ಕೊಬ್ಬರಿ, ಹುರಿಹಗ್ಗ, ಒಣಗಿಸಿದ ಕೇದರ (ಟ್ಯೂನಾ) ಮೀನು. ಮೇ ಅರ್ಧ ಆಗುತ್ತಿದ್ದಂತೆ ಮಂಜಿ ನಿಲ್ಲುತ್ತದೆ, ಮತ್ತೆ ಸೆಪ್ಟೆಂಬರ್ ನಡುವೆಯೇ. ಆ ನಾಲ್ಕು ತಿಂಗಳಿಗೆ ಬೇಕಾದ್ದು ಮೊದಲೇ ಮುಟ್ಟಬೇಕು ಎಂದು ಎಲ್ಲರಿಗೂ ಅವಸರ. ನಾನು ಇಲ್ಲಿ ಚೀಟಿ ಬರೆಯುವಾಗ ನೀರುಳ್ಳಿಯ ಮೂಟೆ ಬರೀ ಒಂದು ಸಾಲು. ಅಲ್ಲಿ ಆಗಸ್ಟ್‌ನಲ್ಲಿ ಅದೇ ನೀರುಳ್ಳಿಯನ್ನು ಅರ್ಧ ಕೊಯ್ದು ಉಳಿದರ್ಧ ನಾಳೆಗೆ ಎತ್ತಿಡುವಾಗ ಆ ಸಾಲಿನ ಬೆಲೆ ಗೊತ್ತಾಯಿತು.

ಲಕ್ಷದ್ವೀಪದಲ್ಲಿ ಅಗ್ಗಕ್ಕೆ ಸಿಗುವುದು ಎರಡೇ, ತೆಂಗಿನಕಾಯಿ ಮತ್ತು ಕೇದರ. ತರಕಾರಿ, ಹಣ್ಣು, ಹಾಲು ಎಲ್ಲ ಹಡಗು ಬಂದ ದಿನ ಒಂದು ಬೆಲೆ, ಮುಗಿಯುವ ದಿನ ಇನ್ನೊಂದು. ಆದರೂ ತಿಂಗಳ ಕೊನೆಗೆ ಕೈಯಲ್ಲಿ ಹಣ ಉಳಿಯುತ್ತದೆ, ಯಾಕೆಂದರೆ ಖರ್ಚು ಮಾಡುವ ಜಾಗವೇ ಇಲ್ಲ. ಮಾಲ್ ಇಲ್ಲ, ಬಾರ್ ಇಲ್ಲ. ಮದ್ಯಕ್ಕೆ ನಿಷೇಧ, ಬಂಗಾರಂ ದ್ವೀಪದ ರೆಸಾರ್ಟ್ ಬಿಟ್ಟು. ಸರಕಾರಿ ಕ್ವಾರ್ಟರ್ಸ್ ಸಿಕ್ಕರೆ ಬಾಡಿಗೆಯ ಚಿಂತೆ ಇಲ್ಲ. ಸಿಗದಿದ್ದರೆ ಕಷ್ಟ, ಬಾಡಿಗೆ ಮನೆಯ ಪದ್ಧತಿ ಅಲ್ಲಿ ಕಡಿಮೆ. ಕ್ವಾರ್ಟರ್ಸ್ ಬರವಣಿಗೆಯಲ್ಲಿ ಇಲ್ಲದ ಆಫರ್ ಒಪ್ಪಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ಪೋರ್ಟ್‌ಬ್ಲೇರ್‌ನಲ್ಲಿ ಬಾಡಿಗೆ ಮನೆ ಧಾರಾಳ. ತರಕಾರಿ ಸ್ವಲ್ಪ ಅಲ್ಲೇ ಬೆಳೆಯುತ್ತಾರೆ, ಉಳಿದದ್ದು ಚೆನ್ನೈಯಿಂದ. ಊರಿಗಿಂತ ದುಬಾರಿ, ಆದರೆ ಸಿಗುವುದಂತೂ ಸಿಗುತ್ತದೆ. ಅಲ್ಲಿ ಸಂಬಳ ತಿನ್ನುವುದು ವಿಮಾನದ ಟಿಕೆಟ್. ದಸರಾ ರಜೆ, ಕ್ರಿಸ್‌ಮಸ್ ಅಂದರೆ ಪ್ರವಾಸಿಗರ ಜೊತೆ ಪೈಪೋಟಿ. ನಾಲ್ಕು ಜನರ ಕುಟುಂಬ ವರ್ಷಕ್ಕೆ ಎರಡು ಸಲ ಊರಿಗೆ ಬಂದರೆ ಉಳಿತಾಯದಲ್ಲಿ ದೊಡ್ಡ ಪಾಲು ಹೋದ ಹಾಗೆ. ಕೇಂದ್ರ ಸರಕಾರಿ ನೌಕರರಿಗೆ ಎರಡೂ ಕಡೆ ದ್ವೀಪದ ವಿಶೇಷ ಭತ್ಯೆ ಉಂಟು. ಖಾಸಗಿಯವರು ಅದನ್ನು ನೋಡಿ ಸಂಬಳ ಚೌಕಾಸಿ ಮಾಡಬೇಕು.

ಭಾಷೆ, ಜನ, ಶಾಲೆ

ಬ್ಯಾರಿ ಭಾಷೆ ಬರುವವರಿಗೆ ಲಕ್ಷದ್ವೀಪ ಅರ್ಧ ಊರೇ. ಅಲ್ಲಿಯ ಜಸರಿ ಮಲಯಾಳಂನ ಒಂದು ಬಗೆ. ನಮ್ಮ ಬ್ಯಾರಿ ಮೇಸ್ತ್ರಿ ಎರಡೇ ದಿನದಲ್ಲಿ ಹರಟೆಗೆ ಕೂತಿದ್ದ. ನಾನು ತುಳು, ಕನ್ನಡದವನು, ಎರಡು ತಿಂಗಳು ಬೇಕಾಯಿತು. ಮಿನಿಕಾಯ್ ಮಾತ್ರ ಬೇರೆ. ಅಲ್ಲಿ ಮಹಲ್ ಭಾಷೆ, ಮಾಲ್ಡೀವ್ಸ್‌ನವರ ಮಾತಿನ ನೆಂಟಸ್ತಿಕೆ.

ನಂಟು ಹಳೆಯದು. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಈ ಐದು ದ್ವೀಪ ಟಿಪ್ಪುವಿನ ಕೈಯಲ್ಲಿ ಇದ್ದವು. 1799ರ ನಂತರ ಬ್ರಿಟಿಷರು ಮಂಗಳೂರಿನಿಂದಲೇ ಆಳಿದರು. 1956ರ ನವೆಂಬರ್ 1ರವರೆಗೂ ಅವು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯವೇ. ಅದೂ ಅಲ್ಲದೆ ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ಅಲ್ಲಿ ಬೇರು ಬಿಟ್ಟಿತ್ತು. 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಅಲ್ಲಿ ಕೌಂಟರಿನ ಹಿಂದೆ ಒಂದು ಮಧ್ಯಾಹ್ನ ತುಳುವಿನಲ್ಲಿ "ಎಂಚಿನ ಮಾರಾಯ್ರೆ" ಕೇಳಿಸಿ ನನಗೆ ಕಣ್ಣು ತುಂಬಿ ಬಂದದ್ದು ಸುಳ್ಳಲ್ಲ.

ಇನ್ನೊಂದು ವಿಷಯ ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ಅಲ್ಲಿಯ ಮುಸ್ಲಿಂ ಕುಟುಂಬಗಳಲ್ಲಿ ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಪದ್ಧತಿ ಇದೆ, ನಮ್ಮ ಅಳಿಯಕಟ್ಟಿನ ಹಾಗೆ. ತರವಾಡಿನ (ತಾಯಿಯ ಕಡೆಯ ಕೂಡುಕುಟುಂಬ) ಒಟ್ಟು ಆಸ್ತಿಗೆ ಶುಕ್ರವಾರದ ಆಸ್ತಿ, ಸ್ವಂತ ದುಡಿದದ್ದಕ್ಕೆ ಸೋಮವಾರದ ಆಸ್ತಿ ಎಂದು ಹೆಸರು. ಹೆಂಗಸರು ರಾತ್ರಿ ಹತ್ತಕ್ಕೂ ನಿಶ್ಚಿಂತೆಯಾಗಿ ಓಡಾಡುತ್ತಾರೆ. ನಾಯಿ ಇಲ್ಲ, ಹಾವಿಲ್ಲ. ಇಲಿ ಮಾತ್ರ ಬೇಕಾದಷ್ಟು. ಆದರೆ ಯಾರ ಮನೆಗೆ ಯಾರು ಬಂದರು, ನೀವು ಏನು ಕೊಂಡಿರಿ ಎಲ್ಲ ಸಂಜೆಯೊಳಗೆ ಊರಿಗೇ ಗೊತ್ತು. ಉಡುಗೆಯಲ್ಲಿ, ನಡತೆಯಲ್ಲಿ ಊರಿನ ರೀತಿಗೆ ತಗ್ಗಿ ನಡೆಯಬೇಕು. ರಂಜಾನ್‌ನಲ್ಲಿ ಹಗಲು ಹೋಟೆಲ್ ಹುಡುಕಬೇಡಿ. ಭಾನುವಾರದ ಚರ್ಚು, ದೇವಸ್ಥಾನದ ಗಂಟೆ ಇಲ್ಲದೆ ಮನಸ್ಸು ನಿಲ್ಲದವರಿಗೆ ಅಲ್ಲಿ ಬೇಸರ ಬರುತ್ತದೆ.

ಪೋರ್ಟ್‌ಬ್ಲೇರ್ ಒಂದು ರೈಲು ನಿಲ್ದಾಣದ ಹಾಗೆ. ಬಂಗಾಳಿ, ತಮಿಳು, ತೆಲುಗು, ಮಲಯಾಳಿ, ರಾಂಚಿ ಕಡೆಯವರು, ಎಲ್ಲರ ನಡುವೆ ಹಿಂದಿ. 1921ರ ಮಾಪಿಳ್ಳೆ ದಂಗೆಯ ಕೈದಿಗಳನ್ನು ಕಳುಹಿಸಿದ್ದರಿಂದ ದಕ್ಷಿಣ ಅಂಡಮಾನಿನಲ್ಲಿ ಕ್ಯಾಲಿಕಟ್, ಮಂಜೇರಿ, ವಂಡೂರು ಎಂಬ ಹಳ್ಳಿಗಳೂ ಇವೆ. ದೇವಸ್ಥಾನ, ಚರ್ಚು, ಮಸೀದಿ, ಬಿರಿಯಾನಿ, ಬೀರು ಎಲ್ಲ ಸಿಗುತ್ತದೆ. ಯಾರಿಗೂ ಯಾರ ಗೊಡವೆ ಇಲ್ಲ. ಹೊಸಬರು ಎನ್ನುವ ಭಾವನೆ ಒಂದೇ ವಾರ.

ಸಿಬಿಎಸ್‌ಇ ಶಾಲೆ ಎರಡು ಕಡೆಯೂ ಉಂಟು. ಕವರತ್ತಿಯಲ್ಲಿ ಕೇಂದ್ರೀಯ ವಿದ್ಯಾಲಯ ಉಂಟು. ಸಣ್ಣ ಮಕ್ಕಳಿಗೆ ಅದಕ್ಕಿಂತ ಚಂದದ ಊರು ನಾನು ನೋಡಿಲ್ಲ: ಸೈಕಲ್, ಲಗೂನು, ಟ್ರಾಫಿಕ್ ಇಲ್ಲ. ಒಂಬತ್ತನೇ ಕ್ಲಾಸಿನಿಂದ ಕೋಚಿಂಗು, ಸೈನ್ಸ್ ಟ್ಯೂಷನ್ನು ಎಂದು ಶುರುವಾದರೆ ಪೋರ್ಟ್‌ಬ್ಲೇರ್ ಮುಂದೆ. ಕನ್ನಡ ಎರಡು ಕಡೆಯೂ ಇಲ್ಲ, ಮನೆಯಲ್ಲಿ ಕಲಿಸಬೇಕು.

ಗಡಿಯಾರದ ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಎರಡೂ ಕಡೆ ಒಂದೇ ಸಮಯ, ಸೂರ್ಯನಿಗೆ ಮಾತ್ರ ಸುಮಾರು ಎಂಬತ್ತು ನಿಮಿಷದ ಅಂತರ. ಪೋರ್ಟ್‌ಬ್ಲೇರ್‌ನಲ್ಲಿ ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೇ ಕತ್ತಲೆ. ಆಫೀಸು ಬಿಟ್ಟು ಬೀಚಿಗೆ ಹೋಗುವ ಕನಸು ಅಲ್ಲಿಗೆ ಮುಗಿಯಿತು. ಬೆಳಿಗ್ಗೆ ಬೇಗ ಏಳುವವರಿಗೆ ಲಾಭ.

ಭಯ

ಅಂಡಮಾನ್ ಭೂಕಂಪದ ಅತಿ ಅಪಾಯದ ವಲಯದಲ್ಲಿದೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ನಿಕೋಬಾರ್ ನಲುಗಿತು, ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಮೇಲೆ ಕುಸಿಯಿತು. ಸಣ್ಣ ನಡುಕ ನಾನು ಇದ್ದಾಗಲೂ ಆಯಿತು. ಪಕ್ಕದ ಮನೆಯ ಬಂಗಾಳಿ ಅಜ್ಜಿ ಮೀನು ಹುರಿಯುವುದನ್ನು ನಿಲ್ಲಿಸಲೇ ಇಲ್ಲ. ಲಕ್ಷದ್ವೀಪದಲ್ಲಿ ನೆಲ ನಡುಗುವ ಭಯ ಕಡಿಮೆ, ಆದರೆ ಇಡೀ ದ್ವೀಪ ಸಮುದ್ರಮಟ್ಟದಿಂದ ಕೆಲವೇ ಮೀಟರ್. 2017ರ ಓಖಿ ಚಂಡಮಾರುತ ಮಿನಿಕಾಯ್, ಕಲ್ಪೇನಿಗೆ ಚೆನ್ನಾಗಿಯೇ ಬಡಿಯಿತು. ಅಂಡಮಾನಿನಲ್ಲಿ ಗುಡ್ಡ ಹತ್ತಬಹುದು. ಲಕ್ಷದ್ವೀಪದಲ್ಲಿ ಹತ್ತಲು ತೆಂಗಿನಮರ ಮಾತ್ರ.

ಇನ್ನು ಆ ಮೂವರ ವಿಷಯ

ಹೋಟೆಲ್ ಹುಡುಗನಿಗೆ ಯೋಚಿಸಲು ಏನೂ ಇಲ್ಲ, ಸ್ವರಾಜ್ ದ್ವೀಪಕ್ಕೆ ಹೋಗು ಎಂದೆ. ಹಳೆಯ ಹ್ಯಾವ್‌ಲಾಕ್. ಡೈವಿಂಗ್ ಅಂಗಡಿ, ರೆಸಾರ್ಟು ಸಾಲುಸಾಲು. ಅಕ್ಟೋಬರ್‌ನಿಂದ ಮೇವರೆಗೆ ದುಡಿದು, ಮಳೆಗಾಲದಲ್ಲಿ ಸಂಬಳ ಕಡಿತ ಆಗುತ್ತದಾ ಎಂದು ಮಾತ್ರ ಮೊದಲೇ ಕೇಳಿಕೊಳ್ಳಲಿ. ಲಕ್ಷದ್ವೀಪದಲ್ಲಿ ಸುಹೇಲಿ, ಕದ್ಮತ್‌ನಲ್ಲಿ ತಾಜ್ ರೆಸಾರ್ಟ್ ಬರುತ್ತದೆ ಎಂದು 2023ರಲ್ಲಿ ಘೋಷಣೆಯಾಗಿದೆ. ಅನುಭವ ಇದ್ದರೆ ಆಮೇಲೆ ಅವರೇ ಕರೆಯುತ್ತಾರೆ.

ನರ್ಸ್‌ಗೆ ಮನೆಯಲ್ಲಿ ಸಕ್ಕರೆ ಕಾಯಿಲೆಯ ತಾಯಿ, ನೋಡಿಕೊಳ್ಳಲು ತಮ್ಮ ಒಬ್ಬನೇ. ಪೋರ್ಟ್‌ಬ್ಲೇರ್ ಎಂದೆ. ತಿಂಗಳಿಗೆ ಇಷ್ಟು ಎಂದು ಟಿಕೆಟ್ಟಿಗೇ ಒಂದು ಪ್ರತ್ಯೇಕ ಖಾತೆ ಮಾಡಿ, ಅದನ್ನು ಮುಟ್ಟಬೇಡಿ ಎಂದೂ ಹೇಳಿದೆ. ತಾಯಿಯ ಚಿಂತೆ ಇಲ್ಲದಿದ್ದರೆ, ಮೂರು ವರ್ಷದಲ್ಲಿ ಮನೆ ಸಾಲ ತೀರಿಸಬೇಕು ಎಂದಿದ್ದರೆ, ಕವರತ್ತಿ ಎಂದೇ ಹೇಳುತ್ತಿದ್ದೆ.

ಟೀಚರ್ ದಂಪತಿಗೆ ಮಾತ್ರ ನಾನು ಎರಡು ದಿನ ಯೋಚಿಸಿದೆ. ಮಕ್ಕಳು ಆರು, ನಾಲ್ಕು ವರ್ಷದವರು. ಕ್ವಾರ್ಟರ್ಸ್ ಸಿಗುತ್ತದೆ ಎಂದು ಕಾಗದದಲ್ಲಿ ಉಂಟು. ಇಬ್ಬರದ್ದೂ ಸಂಬಳ. ಊರಿನಲ್ಲಿ ಅಪ್ಪ ಅಮ್ಮನ ಜೊತೆ ಅಣ್ಣ ಇದ್ದಾರೆ. ಇಂಥವರಿಗೆ ಲಕ್ಷದ್ವೀಪ ಮೂರು ನಾಲ್ಕು ವರ್ಷ ಚೆನ್ನಾಗಿ ಒಗ್ಗುತ್ತದೆ, ದೊಡ್ಡವನು ಐದನೇ ಕ್ಲಾಸಿಗೆ ಬರುವಾಗ ವಾಪಸು ಬಂದರಾಯಿತು. ಒಂದು ಪರೀಕ್ಷೆ ಹೇಳಿದೆ: "ಈಗಲೇ ಕೂತು, ಜುಲೈ ತಿಂಗಳ ಯಾವುದಾದರೂ ಒಂದು ದಿನಕ್ಕೆ ಕವರತ್ತಿಯಿಂದ ಕುಂದಾಪುರಕ್ಕೆ ನಾಲ್ಕು ಟಿಕೆಟ್ ಹುಡುಕಿ. ಹುಡುಕುವಾಗಲೇ ತಲೆಬಿಸಿ ಆದರೆ ಹೋಗಬೇಡಿ."

ಮೊನ್ನೆ ಆ ಟೀಚರಮ್ಮನ ಫೋನ್ ಬಂತು. ಪರ್ಮಿಟ್ಟಿಗೆ ಪೊಲೀಸ್ ಸ್ಟೇಷನ್ನಿಗೆ ಅರ್ಜಿ ಕೊಟ್ಟಾಯಿತಂತೆ. ಯಜಮಾನರದ್ದು ಒಂದೇ ಕೊನೆಯ ಪ್ರಶ್ನೆ: ಅಲ್ಲಿ ಬಂಗುಡೆ ಸಿಗುತ್ತದಾ? ಕೇದರ ಬೇಕಾದಷ್ಟು, ಬಂಗುಡೆ ಮರೆತುಬಿಡಿ ಎಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ.